ಮೊದಲ ಸ್ವರಕ್ಕೆ ಎದ್ದವರು

ರಾಯಾಪುರದ ಸಭಾಗೃಹದ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಅವ್ವ ಮತ್ತು ಅವಳ ಚರ್ಚಿನ ಮಹಿಳಾ ಸಭೆಯವರು ಕುಳಿತಿದ್ದರು. ಹಿಂದಿನ ಸಾಲುಗಳಲ್ಲೆಲ್ಲ ಕಾಲೇಜು ಹುಡುಗರು, ತೊಡೆಯ ಮೇಲೆ ಬ್ಯಾಗು, ಕೈಯಲ್ಲಿ ಫೋನು. ಬಂದಾಗಿನಿಂದ ಒಂದೊಂದೇ ಮುಖ ನೋಡುತ್ತಿದ್ದೆ. ಕುಣಿಯುವಂಥದ್ದು ಒಂದೂ ಕಾಣಲಿಲ್ಲ.

ನನ್ನ ತಮ್ಮ ನೋಯೆಲ್ ಹೊಸದಾಗಿ ಕಟ್ಟಿದ ಬ್ಯಾಂಡು ಎಂಬತ್ತರ ದಶಕದ ಸಿಂಥ್‌ಪಾಪ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಕುಣಿತದ ಸಂಗೀತದ ಧಾಟಿಯದು. ಹಾಡುಗಳು ಮಾತ್ರ ಅವನವೇ, ಕನ್ನಡದವು. ಧಾರವಾಡದ ಮೊದಲ ಕಾರ್ಯಕ್ರಮದಲ್ಲಿ ಜನ ಕೈಕಟ್ಟಿ ಕುಳಿತು, ಕೊನೆಗೆ ಮರ್ಯಾದೆಗೆ ಚಪ್ಪಾಳೆ ತಟ್ಟಿ ಹೋಗಿದ್ದರು.

"ಇವತ್ತೂ ಯಾರೂ ಎದ್ದು ಕುಣೀಲಿಲ್ಲಂದ್ರ ಬ್ಯಾಂಡ್ ಬಂದ್ ಮಾಡ್ತೇನಿ, ಅಕ್ಕಾ," ಎಂದು ಬೆಳಿಗ್ಗೆ ಹೇಳಿದ್ದ. ಹೇಳಿದರೆ ಮಾಡುವವನೇ.

"ಬೀನಾ, ಉಗುರು ಕಡೀಬ್ಯಾಡ," ಅವ್ವ ಗದರಿದಳು. ದೀಪಗಳು ಆರಿದವು. "ಕರೆಂಟ್ ಹೋತೇನ?"

"ಶೋ ಚಾಲೂ ಆಗಾಕತ್ತೈತಿ, ಅವ್ವಾ."

ನೇರಳೆ ಬೆಳಕಿನಲ್ಲಿ ನೋಯೆಲ್ ಬಂದ. ಸಿಂಥಸೈಜರ್ ಮೇಲೆ ಎರಡೂ ಕೈಯಿಟ್ಟು ಮೊದಲ ಸ್ವರಮೇಳವನ್ನು ಉದ್ದಕ್ಕೆ ಹಿಡಿದ. ಪ್ರತಿ ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವನೂ ಅವನೇ. ಗೀತೆಗೆ ಮುಂಚೆ ಹೀಗೆಯೇ ಹಿಡಿಯುತ್ತಾನೆ. ಅದು ಕೇಳಿದೊಡನೆ ಅಲ್ಲಿ ಸಭೆ ಎದ್ದು ನಿಲ್ಲುತ್ತದೆ.

ಅವ್ವ ಎದ್ದು ನಿಂತಳು. ಸೆರಗು ಸರಿಪಡಿಸಿಕೊಳ್ಳುತ್ತ, ಗಂಟಲು ಸರಿಮಾಡಿಕೊಳ್ಳುತ್ತ ಇಡೀ ಸಾಲೇ ಎದ್ದಿತು.

"ಲೇ, ಆಂಟಿಗಳು ಕುಣ್ಯಾಕ ಎದ್ದಾರಲೇ!" ಹಿಂದಿನಿಂದ ಒಬ್ಬ ಕೂಗಿದ. "ನೀ ಏನ ಮುದುಕನಂಗ ಕುಂತೀ? ಏಳ!"

ಕುರ್ಚಿಗಳು ಕಿರುಗುಟ್ಟಿದವು, ಹುಡುಗರು ಒಬ್ಬೊಬ್ಬರಾಗಿ ಎದ್ದರು. ಆಗಲೇ ಡ್ರಮ್ ಮಷೀನು ಧಡಧಡ ಶುರುವಾಯಿತು. ಅವ್ವ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯ ನನ್ನವ್ವ, ಇದು ಚರ್ಚ್ ಅಲ್ಲ! ಕುಂದರ್ರೇವಾ ಎಲ್ಲಾರೂ."

ಅವಳು ಕೂತರೆ ಸಾಲು ಕೂರುತ್ತದೆ, ಸಾಲು ಕೂತರೆ ಹುಡುಗರೂ. ಅವಳ ಮಣಿಕಟ್ಟು ಹಿಡಿದೆ.

"ಕುಂದರಬ್ಯಾಡವಾ! ನಿನ್ನ ಕಾಲಿಗೆ ಬೀಳ್ತೇನಿ."

"ನಿಂತು ಏನ ಮಾಡ್ಲಿ?"

"ಕುಣಿ!"

"ಹುಚ್ಚ ಹಿಡದೈತೇನ ನಿನಗ?"

ಹಿಡಿದೇ ಇತ್ತು. ಮದುವೆಮನೆಯಲ್ಲೂ ಒರಗಿ ನಿಲ್ಲಲು ಗೋಡೆ ಹುಡುಕುವ ನಾನು ಎರಡೂ ಕೈ ಮೇಲೆತ್ತಿ ಜಿಗಿದೆ. ಮತ್ತೆ ಜಿಗಿದೆ. ಚಪ್ಪಲಿಯೊಂದು ಎಲ್ಲಿಗೋ ಹೋಯಿತು.

"ಮಗಳು ಛಲೋ ಕುಣೀತಾಳ," ಎಂದರು ಅವ್ವನ ಗೆಳತಿ ಸೆಲಿನಾ ಆಂಟಿ, "ತಾಳಕ್ಕೂ ಆಕಿಗೂ ಸಂಬಂಧ ಇಲ್ಲ ಅಷ್ಟ." ಹೇಗೆಂದು ತೋರಿಸಲು ಸೊಂಟಕ್ಕೆ ಸೆರಗು ಸಿಕ್ಕಿಸಿ ತಾವೇ ಕುಣಿದರು. ಅವ್ವ ನಕ್ಕಳು, ನಗುತ್ತಲೇ ಅವಳ ಭುಜ ಅಲುಗತೊಡಗಿತು. ಪಲ್ಲವಿ ಎರಡನೇ ಸಲ ಬಂದಾಗ ಮಹಿಳಾ ಸಭೆ, ಚರ್ಚಿನ ಅಭ್ಯಾಸಬಲದಿಂದ, ಮೇಲಿನದು ಕೆಳಗಿನದು ಎಂದು ಎರಡು ದನಿಯಲ್ಲಿ ಸೇರಿ ಹಾಡಿತು. ಹುಡುಗರು ಕುರ್ಚಿಗಳನ್ನು ಗೋಡೆಗೆ ತಳ್ಳಿ ಕುಣಿಯುತ್ತಿದ್ದರು.

ಹಾಡು ಮುಗಿದಾಗ ನೋಯೆಲ್ ಮೈಕಿನ ಮುಂದೆ ತೊದಲಿದ. "ದಣದೀರಿ... ಸ್ವಲ್ಪ ಕುಂದರ್ರಿ ಬೇಕಾದ್ರ..."

"ಕುಂದರಾಕ ಮನ್ಯಾಗ ಸೋಫಾ ಐತಿ," ಅವ್ವ ಕೂಗಿದಳು. "ನೀ ಬಾರಿಸೋ!"

ಅವನು ನಗು ತಡೆಯಲಾರದೆ ಮುಂದಿನ ಹಾಡನ್ನು ತಪ್ಪು ಸ್ವರದಿಂದ ಶುರುಮಾಡಿದ. ಯಾರೂ ಗಮನಿಸಲಿಲ್ಲ.