ಸಡಿಲ ಬಿಟ್ಟ ಎರಡು ಮೊಳೆ

ನಾನು ಒಂದು ನಾರಿನ ಮ್ಯಾಟು. ಮೈಸೂರಿನ ಒಂದು ವಠಾರದ ಮನೆಬಾಗಿಲಲ್ಲಿ ಕಾಲೊರಸಾಗಿ ಬಿದ್ದಿರುವ ಈ ಮೂರಡಿ ತುಂಡಿಗೆ ಎಂಥ ಕಥೆ ಇದ್ದೀತು ಎಂದು ನೀವು ದಾಟಿ ಹೋಗಬಹುದು. ಒಂದು ಕಾಲಕ್ಕೆ ನಾನು ಅರವತ್ತಾರು ಅಡಿ ಉದ್ದವಿದ್ದೆ. ರಾಜ್ಯದ ಕ್ರಿಕೆಟ್ ತಂಡ ಗೆದ್ದದ್ದೂ ಸೋತದ್ದೂ ನನ್ನ ಬೆನ್ನ ಮೇಲೆಯೇ.

ಹುಟ್ಟಿದ್ದು ತಿಪಟೂರಿನ ಕಡೆ. ತೆಂಗಿನ ಸಿಪ್ಪೆಯಾಗಿ ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆತೆ. ಹೆಂಗಸರು ಕೊಡತಿಯಿಂದ ಬಡಿದು ನಾರು ಬಿಡಿಸಿದರು, ಹುರಿ ಹೊಸೆದರು, ಮಗ್ಗಕ್ಕೆ ಏರಿಸಿದರು. ಹುಟ್ಟುವಾಗಲೇ ಅಷ್ಟು ಏಟು ತಿಂದವನಿಗೆ ಚೆಂಡಿನ ಏಟು ಯಾವ ಲೆಕ್ಕ. ಕೊನೆಗೆ ಅಂಚಿನ ಸುತ್ತ ತೂತು ಮಾಡಿ ಹಿತ್ತಾಳೆ ಬಳೆ ಕೂರಿಸಿ ಮೈಸೂರಿಗೆ ಕಳಿಸಿದರು.

ಆಗ ನಮ್ಮ ಮೈದಾನದಲ್ಲಿ ಹುಲ್ಲಿನ ಪಿಚ್ ಇರಲಿಲ್ಲ. ಗಟ್ಟಿಸಿದ ಕೆಮ್ಮಣ್ಣಿನ ಮೇಲೆ ನನ್ನನ್ನು ಹಾಸಿ, ಬಳೆಗಳ ಮೂಲಕ ಉದ್ದನೆಯ ಮೊಳೆ ಹೊಡೆಯುತ್ತಿದ್ದರು. ಹೊಡೆಯುತ್ತಿದ್ದವನು ಮೈದಾನದ ಆಳು ಮರಿಕಾಳಯ್ಯ. ಕೆಲಸ ಮುಗಿಸಿ ಬೆರಳಿನಿಂದ ನನ್ನನ್ನು ತಟ್ಟಿ ನೋಡುತ್ತಿದ್ದ. ಕಾಯಿಸಿದ ತಮಟೆಯ ಹಾಗೆ ಬಿಗಿಯಾಗಿದ್ದರೆ ಮಾತ್ರ ಬೀಡಿ ಹಚ್ಚುತ್ತಿದ್ದ.

ನನ್ನನ್ನು ಬಿಗಿಯಾಗಿ ಎಳೆದರೆ ಚೆಂಡು ನೆಟ್ಟಗೆ ಬರುತ್ತದೆ, ಬ್ಯಾಟ್ ಹಿಡಿದವನಿಗೆ ಸುಖ. ಸ್ವಲ್ಪ ಸಡಿಲ ಬಿಟ್ಟರೆ ನಾರು ಚೆಂಡನ್ನು ಹಿಡಿದು ಎತ್ತಲಾಗೋ ತಿರುಗಿಸುತ್ತದೆ. ಅದಕ್ಕೇ ಎದುರಾಳಿಗಳು ಬ್ಯಾಟ್ ಮಾಡುವಾಗ ಒಂದೆರಡು ಮೊಳೆಗಳನ್ನು ನೆಪಕ್ಕೆ ಚುಚ್ಚಿ ಬಿಡುವ ಕಳ್ಳಾಟ ಬೇಕಾದಷ್ಟು ಊರುಗಳಲ್ಲಿ ಇತ್ತು. ಬಂದ ತಂಡದ ನಾಯಕರು ಸುತ್ತ ನಡೆದು ನನ್ನ ಅಂಚನ್ನು ಎಳೆದೆಳೆದು ನೋಡುತ್ತಿದ್ದರು. ಮರಿಕಾಳಯ್ಯ ಮಾತ್ರ ಎಂದೂ ಹಾಗೆ ಮಾಡಿದವನಲ್ಲ.

ಆಟಗಾರರ ಮುಖ ನನಗೆ ಗೊತ್ತಿಲ್ಲ, ಕಾಲು ಗೊತ್ತು. ನಮ್ಮ ತಂಡದ ನಾಯಕ ತಿರುನಾರಾಯಣರ ಬೂಟಿಗೆ ದಿನವೂ ಹೊಸ ಬಿಳಿ ಬಣ್ಣ. ಅವರು ಬ್ಯಾಟ್ ಹಿಡಿದು ಬಂದು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತು ನಿಮಿಷದಲ್ಲಿ ಔಟಾಗಿ ಹೋಗುತ್ತಿದ್ದರು. ಉಳಿದವರೂ ಅವರ ಹಿಂದೆಯೇ. ಮಳೆ ಬಂದಾದರೂ ಮಾನ ಉಳಿಯಲಿ ಎಂದು ಇಡೀ ತಂಡ ಆಕಾಶ ನೋಡಿದ ದಿನಗಳೇ ಹೆಚ್ಚು.

ಅಂಥ ತಂಡಕ್ಕೆ ಆರೋಗ್ಯಸ್ವಾಮಿ ಬಂದ. ರೈಲ್ವೆ ಕಾರ್ಖಾನೆಯ ಫಿಟ್ಟರ್. ಸವೆದ ಕ್ಯಾನ್ವಾಸ್ ಬೂಟಿನ ಅಡಿಗೆ ಟೈರಿನ ತುಂಡು ಹೊಲಿಸಿಕೊಂಡಿದ್ದ. ಅವನು ಬೆರಳು ಎಳೆದು ಬಿಟ್ಟ ಚೆಂಡು ನನ್ನ ಮೇಲೆ ಬಿದ್ದೊಡನೆ ಒಳಕ್ಕೆ ಕಡಿಯುತ್ತಿತ್ತು. ಬಿಗಿಯಿದ್ದರೂ ಅಷ್ಟೇ. ಒಂದು ಇನ್ನಿಂಗ್ಸಿನಲ್ಲಿ ಏಳು ಜನರನ್ನು ಕಳಿಸಿದ ದಿನ ನನಗೂ ಹೆಮ್ಮೆಯಾಯಿತು. ಮಧ್ಯಾಹ್ನ ಉಳಿದವರು ಪೆವಿಲಿಯನ್ನಿನಲ್ಲಿ ಊಟಕ್ಕೆ ಕೂತರೆ ಅವನು ರೋಲರಿನ ನೆರಳಲ್ಲಿ ಮರಿಕಾಳಯ್ಯನ ಬುತ್ತಿಯ ಮುದ್ದೆ ಮುರಿಯುತ್ತಿದ್ದ. ಇಬ್ಬರೂ ಅಣ್ಣತಮ್ಮಂದಿರ ಹಾಗಿದ್ದರು.

ಅವನು ತಂಡಕ್ಕೆ ಬಂದ ಐದನೆಯ ವರ್ಷ, ಮುಂದಿನ ಸಲದಿಂದ ಎಲ್ಲ ಕಡೆ ಹುಲ್ಲಿನ ಪಿಚ್ ಎಂದು ತೀರ್ಮಾನವಾಯಿತು. ಹುಲ್ಲಿನ ಮೇಲೆ ಆರೋಗ್ಯಸ್ವಾಮಿಯ ಚೆಂಡು ಸಾದಾ ಚೆಂಡು. ಆ ಸಲದ ಕಡೆಯ ಪಂದ್ಯ ನೋಡಲು ದೇಶದ ತಂಡದ ಆಯ್ಕೆಗಾರರು ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಅವನ ಆಟ ಅಲ್ಲಿಗೇ ಮುಗಿದಂತೆ.

ಹಿಂದಿನ ಸಂಜೆ ಮರಿಕಾಳಯ್ಯ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ, "ಆರೋಗ್ಯಪ್ಪ, ನಾಳಿಕ್ಕೆ ಒಸಿ ಸಡ್ಲ ಬುಡ್ಲಾ?"

"ಬ್ಯಾಡ ಕಣಣ್ಣ," ಎಂದ ಅವನು. "ನಂಗೆ ಬಿಗಿ ಮ್ಯಾಟೇ ಸಾಕು. ಕದ್ದು ತಗೊಂಡ ವಿಕೆಟ್ಟು ಮೈಗೆ ಹತ್ತಕಿಲ್ಲ."

ಮರಿಕಾಳಯ್ಯ ತಲೆಯಾಡಿಸಿದ. ಮರುದಿನ ಎದುರಾಳಿ ನಾಯಕ ನನ್ನ ಅಂಚು ಎಳೆದು ನೋಡಿ ಹೋದ ಮೇಲೆ, ಪೆವಿಲಿಯನ್ ತುದಿಯ ಮೂಲೆಯಲ್ಲಿ ಎರಡು ಮೊಳೆ ಕಿತ್ತು, ಮತ್ತೆ ನೆಪಕ್ಕೆ ಚುಚ್ಚಿದ. ಪ್ರೀತಿಗೆ ಮಾಡಿದ್ದು. ಆರೋಗ್ಯಸ್ವಾಮಿ ಎಂದಿನಂತೆ ಎದುರಿನ, ಮರವಿರುವ ತುದಿಯಿಂದ ಓಡಿಬಂದು ಹಾಕುತ್ತಾನೆ, ಚೆಂಡು ಪೆವಿಲಿಯನ್ ತುದಿಯ ಸಡಿಲಿನಲ್ಲಿ ಬೀಳುತ್ತದೆ ಎಂಬುದು ಅವನ ಲೆಕ್ಕ.

ಹಾಗೆಯೇ ಆಯಿತು. ಮಧ್ಯಾಹ್ನದೊಳಗೆ ನಾಲ್ಕು ವಿಕೆಟ್. ಆಗ ತಿರುನಾರಾಯಣರಿಗೆ ಗಾಳಿ ತಿರುಗಿದ್ದು ಕಂಡಿತು.

"ಆರೋಗ್ಯಸ್ವಾಮಿ, ಈಗ ಪೆವಿಲಿಯನ್ ಕಡೆಯಿಂದ ಹಾಕಯ್ಯ. ಗಾಳಿ ಬೆನ್ನಿಗಿರುತ್ತೆ."

ಗಡಿಗೆರೆಯಾಚೆ ಮರಿಕಾಳಯ್ಯ ಧಡಕ್ಕನೆ ಎದ್ದು ನಿಂತ. ಸಡಿಲ ಮೊಳೆಗಳ ತುದಿಯಿಂದಲೇ ಆರೋಗ್ಯಸ್ವಾಮಿ ಓಡಿಬರುವವನಿದ್ದ. ಒಂದು ಕೂಗು ಹಾಕಿದರೆ ಸಾಕಿತ್ತು. ಕೂಗಿದರೆ ಆ ನಾಲ್ಕು ವಿಕೆಟ್ಟೂ ಕದ್ದದ್ದೆಂದು ಆಯ್ಕೆಗಾರರ ಎದುರೇ ಬಯಲಾಗುತ್ತಿತ್ತು. ಊಟದ ವಿರಾಮಕ್ಕೆ ಮೂರೇ ಓವರ್. ಆಗ ಹೊಡೆದರಾಯಿತು ಎಂದುಕೊಂಡಿರಬೇಕು, ಸುತ್ತಿಗೆ ಹಿಡಿದವನು ಹಾಗೇ ಕೂತ.

ಮೊದಲ ಓವರ್ ಹೇಗೋ ದಾಟಿತು. ಅವನ ಮುಂದಿನ ಓವರಿನ ಮೂರನೆಯ ಚೆಂಡಿಗೆ ಆರೋಗ್ಯಸ್ವಾಮಿಯ ಎಡಗಾಲು ನನ್ನ ಮೂಲೆಯ ಮೇಲೆ ಪೂರಾ ಭಾರ ಊರಿತು. ಮೊಳೆಗಳು ಎದ್ದವು. ನಾನು ಮಡಿಚಿಕೊಂಡೆ. ತಡೆಯಬೇಕೆಂದು ನನ್ನ ಒಂದೊಂದು ಎಳೆಗೂ ಇತ್ತು, ಆದರೆ ಮೊಳೆಯಿಲ್ಲದ ಮ್ಯಾಟಿನ ಕೈಯಲ್ಲಿ ಏನಾಗುತ್ತದೆ? ಅವನ ಬೂಟಿನ ತುದಿ ಮಡಿಕೆಗೆ ಸಿಕ್ಕಿತು, ಮೊಣಕಾಲು ತಿರುಚಿತು. ಆ ಸದ್ದು ಮೊದಲು ಕೇಳಿದ್ದು ನನಗೆ.

ಎಲ್ಲರೂ ಅವನ ಸುತ್ತ ಬಗ್ಗಿದರು. ಮರಿಕಾಳಯ್ಯನೂ ಓಡಿಬಂದ. ಬಂದವನು ಮೊದಲು ಗೆಳೆಯನನ್ನು ಮುಟ್ಟಲಿಲ್ಲ. ನನ್ನ ಮಡಿಕೆ ಬಿಡಿಸಿ, ಆ ಎರಡು ಮೊಳೆಗಳನ್ನು ಹಿಮ್ಮಡಿಯಿಂದ ಅದುಮಿ ಮಣ್ಣಿನೊಳಕ್ಕೆ ಇಳಿಸಿದ. ಯಾರೂ ನೋಡಲಿಲ್ಲ. ಆಮೇಲೆ ಕೂತು ಗೋಳೋ ಎಂದು ಅತ್ತ.

ಆರೋಗ್ಯಸ್ವಾಮಿ ಮತ್ತೆ ಚೆಂಡು ಹಿಡಿಯಲಿಲ್ಲ. ಕಾರ್ಖಾನೆಯವರು ಅವನನ್ನು ಉಗ್ರಾಣದಲ್ಲಿ ಕೂರಿಸಿದರು. ನನ್ನ ಜಾಗಕ್ಕೆ ಹುಲ್ಲು ಬಂತು. ನಾನು ಕೆಲವು ವರ್ಷ ಒಂದು ಶಾಲೆಯ ಮೈದಾನದಲ್ಲಿದ್ದೆ, ಅಲ್ಲಿ ಹರಿದ ಮೇಲೆ ಅವರು ತುಂಡು ಮಾಡಿ ಹಂಚಿದರು. ಹಳೆಯ ಬೌಲರ್ ಎಂದು ಒಂದು ತುಂಡು ಆರೋಗ್ಯಸ್ವಾಮಿಗೂ ಬಂತು. ನಾನು ಆ ಮೂಲೆಯ ತುಂಡೇ ಆಗಿದ್ದೆ.

ಮರಿಕಾಳಯ್ಯ ಪ್ರತಿ ಭಾನುವಾರ ಬರುತ್ತಿದ್ದ. ನನ್ನನ್ನು ಮೆಟ್ಟುತ್ತಿರಲಿಲ್ಲ, ದಾಟಿಕೊಂಡು ಒಳಗೆ ಹೋಗುತ್ತಿದ್ದ. ತಲೆ ಪೂರಾ ನರೆತ ಮೇಲೆ ಒಂದು ದಿನ ಹೊಸ್ತಿಲಾಚೆಯೇ ನಿಂತುಬಿಟ್ಟ.

"ಆರೋಗ್ಯಪ್ಪ, ಅವತ್ತು ಮ್ಯಾಟು..." ಎಂದ.

"ಬುಡಣ್ಣ," ಎಂದ ಆರೋಗ್ಯಸ್ವಾಮಿ, ಕುರ್ಚಿಯಿಂದ ಕಷ್ಟಪಟ್ಟು ಎದ್ದು. "ನನ್ ಕಾಲೇ ತಪ್ಪಿದ್ದು. ನೀ ಮೊಳೆ ಹೊಡ್ದ ಮ್ಯಾಟು ಯಾವತ್ತಾರ ಸಡ್ಲಾಗಿತ್ತಾ? ಇವತ್ತಿಗೂ ಯಾರ್ ಕೇಳುದ್ರೂ ಅಂಗೇ ಯೋಳ್ತೀನಿ. ಬಾ, ಒಳೀಕ್ ಬಾ."

ಮರಿಕಾಳಯ್ಯ ಒಳಗೆ ಬರದೆ ಹಾಗೇ ಹಿಂದಿರುಗಿದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರ ಅವನು ತೀರಿಕೊಂಡ ಸುದ್ದಿ ಬಂತು.

ಈಗ ನಿಜ ಗೊತ್ತಿರುವುದು ನನಗೊಬ್ಬನಿಗೇ. ನಾಲಿಗೆಯಿಲ್ಲದ್ದು ವರವೋ ಶಾಪವೋ ತಿಳಿಯದು. ಇದ್ದಿದ್ದರೂ, ಆರೋಗ್ಯಸ್ವಾಮಿಗೆ ಉಳಿದಿರುವ ಒಂದೇ ನಂಬಿಕೆಯನ್ನು ಕಿತ್ತುಕೊಳ್ಳುವ ಧೈರ್ಯ ನನಗೆಲ್ಲಿತ್ತು? ಸಂಜೆ ಆರೋಗ್ಯಸ್ವಾಮಿ ಕೋಲೂರಿಕೊಂಡು ಬರುತ್ತಾನೆ, ಗೋಡೆ ಹಿಡಿದು ನಿಲ್ಲುತ್ತಾನೆ. ನನ್ನ ಮೂಲೆಯಲ್ಲಿ ಆ ಎರಡು ಹಿತ್ತಾಳೆ ಬಳೆಗಳು ಇನ್ನೂ ಇವೆ. ಅವುಗಳ ಮೇಲೆಯೇ ಅವನು ಎಡಗಾಲನ್ನು ಎಳೆದೆಳೆದು ಒರೆಸಿಕೊಳ್ಳುತ್ತಾನೆ.