ಆಕಿಗೆ ಆರಾಮಿಲ್ಲ

ಗಜೇಂದ್ರಗಡದ ಆ ಹಾಸ್ಟೆಲಿನ ವಾರ್ಡನ್ ಕಮರುನ್ನಿಸಾ ಕವಿತಾಳ ಹತ್ತನೇ ತರಗತಿಯ ಅಂಕಪಟ್ಟಿಯನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಮನ್ಯಾಗ ಕುಂತು ಓದಿ ಇಷ್ಟು ಮಾರ್ಕ್ಸ್? ಯಾರು ಕಲಿಸಿದವರು?"

"ನಾನ ರೀ," ಅಂದಳು ಅನ್ನಪೂರ್ಣಾ.

"ಶಭಾಷ್ ಅಕ್ಕಾರ! ನಮ್ಮ ಮಾಸ್ತರಗೋಳನ್ನೂ ಒಂದ್ವರ್ಷ ನಿಮ್ಮ ಪಡಸಾಲಿಗೆ ಕಳಸಬೇಕು ಹಂಗಾರ."

ಸರದಿಯಲ್ಲಿ ಕುಳಿತಿದ್ದ ತಂದೆತಾಯಿಗಳು ನಕ್ಕರು. ಅನ್ನಪೂರ್ಣಾಳೂ ನಕ್ಕಳು. ಫಲಿತಾಂಶ ಬಂದಾಗಿನಿಂದ ಇಂಥ ಮಾತು ಕೇಳಿ ಕೇಳಿ ಅವಳಿಗೆ ರೂಢಿಯಾಗಿತ್ತು.

"ಯಾವೂರು?"

"ಸವಡಿ ರೀ, ರೋಣದ ಹತ್ರ."

ಕಮರುನ್ನಿಸಾರ ನಗು ಅಲ್ಲಿಗೇ ನಿಂತಿತು. ಕವಿತಾಳನ್ನು ಇನ್ನೊಮ್ಮೆ ನೋಡಿದರು. "ನಿಮ್ಮೂರ ಹುಡಿಗಿ ಒಬ್ಬಾಕಿ ಮ್ಯಾಲಿನ ಖೋಲ್ಯಾಗ ಅದಾಳ. ಮೂರ್ಛೆ ಬರೋ ಹುಡಿಗಿ ಒಂದೈತಿ, ಸಾಲಿ ಬಿಡಿಸಿ ಮನ್ಯಾಗ ಇಟ್ಕೊಂಡಾರ ಅಂತ ಹೇಳತಿದ್ಲು. ಅದು ಈಕಿನ ಏನ್ರಿ?"

ಕವಿತಾ ನೆಲ ನೋಡುತ್ತ ನಿಂತಳು.

"ತಪ್ಪ ತಿಳೀಬ್ಯಾಡ್ರಿ," ಅಂದರು ಕಮರುನ್ನಿಸಾ. "ಖೋಲಿ ಎಲ್ಲಾ ಮ್ಯಾಲ ಅದಾವ. ಮೆಟ್ಟಲಾ ಕಡಿದಾಗಿ ಅದಾವ. ನಾಳೆ ಏನರ ಆದ್ರ ನಾ ಯಾರಿಗೆ ಜವಾಬು ಕೊಡ್ಲಿ?"

ಈ ಪ್ರಶ್ನೆ ಎಂದಾದರೂ ಎದುರಾದೀತೆಂದು ಅನ್ನಪೂರ್ಣಾಳಿಗೆ ಗೊತ್ತಿರಬೇಕಿತ್ತು. ಬಿ.ಎಸ್ಸಿ. ಓದಿದವಳು. ಮಾತು ಆಡುವ ಮೊದಲು ನಾಲ್ಕು ಸಲ ಯೋಚಿಸುವವಳು. ಆದರೆ ಹೋದ ವರ್ಷ ಜೂನ್ ತಿಂಗಳಲ್ಲಿ ಯೋಚಿಸಲು ಅವಳಿಗೆ ಪುರಸೊತ್ತೇ ಇರಲಿಲ್ಲ.

ಅವತ್ತು ಸಂತೆಗೆಂದು ರೋಣಕ್ಕೆ ಹೋಗಿದ್ದಳು. ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಯ ಮರೆಯಿಂದ ಮಗಳು ಕಾಣಿಸಿದಳು. ಜೊತೆಗೆ ಅವಳ ತರಗತಿಯ ಹುಡುಗ ಗೌತಮ. ಅವನು ಕವಿತಾಳ ಅಂಗೈಯಲ್ಲಿ ಏನೋ ಇಟ್ಟ. ಇವಳು ನಕ್ಕು ಮುಷ್ಟಿ ಮುಚ್ಚಿಕೊಂಡಳು. ಅಷ್ಟೇ. ಅನ್ನಪೂರ್ಣಾ ಮಗಳನ್ನು ಕೂಗಲಿಲ್ಲ, ಕೇಳಲೂ ಇಲ್ಲ. ಕೇಳಿದರೆ ಏನು ಉತ್ತರ ಬರುವುದೋ ಎಂಬ ಹೆದರಿಕೆಯಲ್ಲಿ ವಾರದೊಳಗೆ ಕವಿತಾಳ ಶಾಲೆ ಬಿಡಿಸಿದಳು. ಎಂಟನೆಯ ತರಗತಿಯಲ್ಲಿದ್ದ ಕಿರಿಯವಳು ದಾನೇಶ್ವರಿ ಅವನ ಚೀಟಿ ತಂದುಕೊಟ್ಟಾಳೆಂದು ಅವಳನ್ನೂ ಬಿಡಿಸಿದಳು. ಗಂಡ ಮಾಲತೇಶ, "ನೀ ಕಲತಾಕಿ, ನಿನಗ ತಿಳೀತೈತಿ," ಎಂದು ಹೊಲಕ್ಕೆ ಹೋದ.

ಪಕ್ಕದ ಮನೆಯ ರೇಣವ್ವ ಮಾತ್ರ ತನ್ನ ಬಾಗಿಲಲ್ಲೇ ತಡೆದು ಕೇಳಿದ್ದಳು: "ಯಾಕವ್ವ, ಹುಡಿಗ್ಯಾರನ್ನ ಸಾಲಿ ಬಿಡಿಸಿದಿ?"

"ಆಕಿಗೆ ಆರಾಮಿಲ್ಲ, ನಮ್ಮ ಕವಿತಾಗ," ಅಂದುಬಿಟ್ಟಿದ್ದಳು ಅನ್ನಪೂರ್ಣಾ. ಆ ಮಾತು ಹೇಳಿದರೆ ಮುಂದೆ ಯಾರೂ ಕೆದಕುವುದಿಲ್ಲ ಅಂದುಕೊಂಡಿದ್ದಳು.

"ಏನಾಗೈತಿ?"

"ತಲಿ ತಿರಗತೈತಿ. ಸಣ್ಣಾಕಿ ಜೋಡಿಗಿರಲಿ ಅಂತ ಬಿಡಿಸೀನಿ."

ತಲೆ ತಿರುಗುವುದು ನಾಗರಪಂಚಮಿ ಬರುವಷ್ಟರಲ್ಲಿ ಊರವರ ಬಾಯಲ್ಲಿ ಮೂರ್ಛೆಯಾಗಿತ್ತು. ಶ್ರಾವಣದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೋದಾಗ, ಕವಿತಾ ಕೂತಲ್ಲಿಂದ ಎದ್ದದ್ದೇ ತಡ, ರೇಣವ್ವ ತನ್ನ ಸೊಂಟದ ಕೀಲಿಕೈ ಗೊಂಚಲು ಬಿಚ್ಚಿ ಅವಳ ಮುಷ್ಟಿಗೆ ತುರುಕಿದಳು. "ಹಿಡಕೋ ನನ್ನವ್ವ, ಕಬ್ಬಿಣ ಕೈಯಾಗಿದ್ರ ಮೂರ್ಛೆ ಹತ್ರ ಬರಂಗಿಲ್ಲ." ಕೂತಿದ್ದ ಹೆಂಗಸರೆಲ್ಲ ಹುಡುಗಿಯ ಮುಖ ನೋಡಿದರು. ಇಲ್ಲ ಅನ್ನಲು ಅನ್ನಪೂರ್ಣಾಳಿಗೆ ಒಂದು ಮಾತು ಸಾಕಿತ್ತು. ಅವಳು ಸೆರಗು ಸರಿಮಾಡಿಕೊಂಡು ಸುಮ್ಮನಾದಳು.

ಪಾಠವಾದರೂ ಕೆಟ್ಟದಾಗಿ ನಡೆದಿದ್ದರೆ ಅವಳಿಗೆ ಎಚ್ಚರವಾಗುತ್ತಿತ್ತೇನೋ. ಆದರೆ ಪಾಠ ಚೆನ್ನಾಗಿ ನಡೆಯಿತು. ಪಡಸಾಲೆಯ ಗೋಡೆಗೆ ಕಪ್ಪು ಬಳಿದು ಬೋರ್ಡು ಮಾಡಿದಳು. ಅಂಗಳದ ಬೇವಿನ ಮರದ ನೆರಳು ಅಳೆಸಿ ತ್ರಿಕೋನಮಿತಿ ಹೇಳಿಕೊಟ್ಟಳು. ಅರಿಶಿನದ ನೀರಿಗೆ ಸಾಬೂನು ಮುಟ್ಟಿಸಿ ಕೆಂಪಾಗುವುದನ್ನು ತೋರಿಸಿದಳು. ಭಿನ್ನರಾಶಿ ಕಂಡರೆ ಅಳುತ್ತಿದ್ದ ದಾನೇಶ್ವರಿ ಸಮೀಕರಣ ಬಿಡಿಸತೊಡಗಿದಳು. ಬೀದಿಯ ಕಡೆಯ ಕಿಟಕಿ ಮಾತ್ರ ವರ್ಷವಿಡೀ ತೆರೆಯಲಿಲ್ಲ. ಕವಿತಾ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದರೆ, ಅನ್ನಪೂರ್ಣಾಳೂ ಮೆಣಸಿನಕಾಯಿಯ ಬುಟ್ಟಿ ಹೊತ್ತು ಹಿಂದೆಯೇ ಹತ್ತುತ್ತಿದ್ದಳು.

ಈಗ ಕಮರುನ್ನಿಸಾ ಉತ್ತರಕ್ಕೆ ಕಾಯುತ್ತಿದ್ದರು.

"ಈಗ ಏನೂ ಇಲ್ರಿ," ಅಂದಳು ಅನ್ನಪೂರ್ಣಾ. "ಪೂರಾ ಆರಾಮಾಗ್ಯಾಳ."

"ಹಂಗಾರ ಚಲೋನ ಆತು. ಡಾಕ್ಟರ್ ಕಡೆ ಬರಿಸ್ಕೊಂಡ ಬರ್ರಿ. ಏನು ಬ್ಯಾನಿ ಇತ್ತು, ಯಾವ ಗುಳಿಗಿ ತಗೊಂಡ್ಲು, ಎಲ್ಲಾ. ಸೀಟು ಹಿಡಿದಿಡತೀನಿ."

ತಾಯಿ ಮಗಳು ಹೊರಗಿನ ಕಟ್ಟೆಗೆ ಬಂದು ಕೂತರು. ಯಾವ ಡಾಕ್ಟರು, ಏನೆಂದು ಬರೆಯಬೇಕು? ಅನ್ನಪೂರ್ಣಾ ಪರಿಚಯದ ದವಾಖಾನೆಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕುತ್ತಿದ್ದಳು. ಆಗ ಕವಿತಾ ಕೇಳಿದಳು.

"ಯವ್ವಾ, ನನಗ ಖರೇನ ಏನಾಗಿತ್ತು?"

"ಏನಾಗಿತ್ತು ಅಂದ್ರ? ಏನೂ ಆಗಿದ್ದಿಲ್ಲ. ನಿನಗ ಗೊತ್ತೈತೆಲ್ಲ."

"ನನಗ ಹ್ಯಾಂಗ ಗೊತ್ತಾಗಬೇಕು? ನೀ ಸುಳ್ಳ ಹೇಳಾಕಿ ಅಲ್ಲ. ನನಗೇನೋ ಐತಿ, ನೀ ನನ್ನ ಮುಂದ ಹೇಳವಲ್ಲಿ ಅನ್ಕೊಂಡಿದ್ನಿ." ಅವಳ ದನಿ ಸಣ್ಣಗಾಯಿತು. "ಮೆಟ್ಟಲಾ ಇಳಿಯೋ ಮುಂದ ಗ್ವಾಡಿ ಹಿಡಕೊಂಡ ಇಳೀತಿದ್ನಿ. ಬಿದ್ದಗಿದ್ದೇನು ಅಂತ."

ಅನ್ನಪೂರ್ಣಾ ಅದನ್ನು ಕಂಡಿದ್ದಳು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವ ಮಗಳನ್ನು ಎಷ್ಟೋ ಸಲ ಕೆಳಗೆ ನಿಂತು ನೋಡಿದ್ದಳು. ಊರವರೆದುರು ತನ್ನ ಮಾತು ಉಳಿಸಲು ಜಾಣತನದಿಂದ ನಟಿಸುತ್ತಿದ್ದಾಳೆ ಎಂದು ಹೆಮ್ಮೆಪಟ್ಟಿದ್ದಳು. ಹಗಲಿಡೀ ಮಗಳ ಮೇಲೆ ಇಟ್ಟಿದ್ದ ಕಣ್ಣು ಕಂಡದ್ದು ಇಷ್ಟು!

"ಬಸ್ ಸ್ಟ್ಯಾಂಡಿನ್ಯಾಗ ಗೌತಮ ನಿನ್ನ ಕೈಯಾಗ ಏನೋ ಕೊಟ್ಟಿದ್ದ," ಅಂದಳು ಕೊನೆಗೆ. "ಅದನ್ನ ನೋಡಿ ಅಂಜಿದ್ನಿ."

ಕವಿತಾಳಿಗೆ ನೆನಪಾಗಲು ಹೊತ್ತು ಹಿಡಿಯಿತು. "ಹುರದ ಶೇಂಗಾ. ದಾನಿಗೂ ಕೊಟ್ಟಿದ್ನಿ. ಕೇಳಿದ್ರ ನಿನಗೂ ಕೊಡತಿದ್ನಿ."

"ಅಷ್ಟ?"

ಮಾತು ಬಾಯಿಂದ ಜಾರಿಹೋಗಿತ್ತು. ಕವಿತಾ ತಾಯಿಯನ್ನು ದಿಟ್ಟಿಸಿದಳು. "ಇನ್ನೂ ತನಿಖಿ ಮುಗಿದಿಲ್ಲ ನೋಡು ನಿಂದು," ಎಂದು ಮುಖ ತಿರುಗಿಸಿದಳು.

ಅನ್ನಪೂರ್ಣಾ ಎದ್ದು ಒಳಗೆ ಹೋದಳು. ಸರದಿಯಲ್ಲಿ ಇನ್ನೂ ಐದಾರು ಜನ ಇದ್ದರು. ಅವರು ಹೋಗಲಿ ಎಂದು ಕಾಯುವ ಆಸೆಯಾಯಿತು. ಆದರೆ ಕಾಯಲಿಲ್ಲ.

"ಮೇಡಂ, ಡಾಕ್ಟರ್ ಚೀಟಿ ಸಿಗಂಗಿಲ್ರಿ. ಆಕಿಗೆ ಮೂರ್ಛೆ ಎಂದೂ ಬಂದಿಲ್ಲ. ಈಗ ಆರಾಮಾಗ್ಯಾಳ ಅಂದ್ನೆಲ್ರಿ, ಅದೂ ಸುಳ್ಳು. ನಾ ಅಂಜಿ ಸಾಲಿ ಬಿಡಿಸಿದ್ನಿ. ಊರಾಗ ಹೇಳಾಕ ಒಂದು ನೆಪ ಬೇಕಾಗಿತ್ತು."

"ಯಾತಕ್ಕ ಅಂಜಿದ್ರಿ?"

ಸರದಿಯ ಹೆಂಗಸರು ಕತ್ತು ಚಾಚಿದ್ದರು. ಗೌತಮನ ಹೆಸರೆತ್ತಿದರೆ ಒಂದು ರೋಗ ಕಳೆದು ಇನ್ನೊಂದು ಅಂಟಿಸಿದ ಹಾಗೆ. "ಆಕಿ ಅಂಜುವಂಥಾದ್ದು ಏನೂ ಮಾಡಿಲ್ರಿ," ಅಂದಳು. "ನನ್ನ ಸ್ವಭಾವನ ಹಂಗ ಐತಿ."

ಕಮರುನ್ನಿಸಾ ಅರ್ಜಿಯನ್ನು ಮುಂದಕ್ಕೆಳೆದುಕೊಂಡರು. "ರೋಗ ಮುಚ್ಚಿಡೋ ತಾಯಂದ್ರನ್ನ ಭಾಳ ನೋಡೇನಿ. ಇಲ್ಲದ್ದನ್ನ ಹಚ್ಚಿದವರು ಅಂತ ನಿಮ್ಮನ್ನ ಮೊದ್ಲ ನೋಡಿದ್ದು." ಅದರ ಮೇಲೆ ಸಹಿ ಹಾಕಿದರು. "ಸೀಟು ಕೊಟ್ಟೀನಿ. ಆದ್ರ ಮ್ಯಾಲಿನ ಹುಡಿಗ್ಯಾರು ನನ್ನ ಮಾತು ನಂಬೂದಿಲ್ಲ. ಸುದ್ದಿ ನಿಮ್ಮೂರಿಂದ ಬಂದೈತಿ, ಊರಾಗ ನೀವ ಹೇಳಬೇಕು."

ಸಂಜೆ ಸವಡಿಗೆ ಬಂದವಳು ಮನೆಯೊಳಗೆ ಕಾಲಿಡದೆ ನೇರ ರೇಣವ್ವನ ಕಟ್ಟೆಗೆ ನಡೆದಳು. ರೇಣವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು.

"ರೇಣಕ್ಕ, ನಮ್ಮ ಕವಿತಾಗ ಯಾವ ಬ್ಯಾನೀನೂ ಇರಲಿಲ್ಲ. ನಾ ಸುಳ್ಳ ಹೇಳಿದ್ನಿ."

ರೇಣವ್ವನ ಕೈ ನಿಂತಿತು. ಅವಳು ಹತ್ತಿರ ಸರಿದು, ಕರುಣೆಯಿಂದ ಅನ್ನಪೂರ್ಣಾಳ ಮೊಣಕಾಲು ಸವರಿದಳು. "ಹುಚ್ಚಿ, ನನ್ನ ಮುಂದ ಯಾಕ ಮುಚ್ಚತಿ? ಹೆಣ್ಣಹುಡಿಗಿ, ನಾಳೆ ಲಗ್ನ ಆಗಬೇಕು. ಬ್ಯಾನಿ ಇದ್ದಿದ್ದಿಲ್ಲ ಅಂತನ ನಾನೂ ಹೇಳತೀನಿ ಬಿಡು."

"ಮುಚ್ಚಾಕ ಹತ್ತಿಲ್ಲ. ಖರೇನ ಇರಲಿಲ್ಲ."

"ತಾಯಿ ಕರಳು. ನನಗ ತಿಳಿಯಂಗಿಲ್ಲೇನು?"

ಹೋದ ವರ್ಷ ಇದೇ ಬಾಗಿಲಲ್ಲಿ ಹೇಳಿದ ಸುಳ್ಳನ್ನು ಈಕೆ ತಡಮಾಡದೆ ನಂಬಿದ್ದಳು. ಅನ್ನಪೂರ್ಣಾ ಕಟ್ಟೆಯ ಮೇಲೆ ಕೂತಳು.

"ನಾ ಸುಳ್ಳ ಹೇಳಿದ್ನಿ, ರೇಣಕ್ಕ. ನನ್ನ ಮಗಳ ಮ್ಯಾಲ ನಾನ ಸುಳ್ಳ ಹೇಳಿದ್ನಿ."

ಎದುರುಮನೆಯ ಬಾಗಿಲು ತೆರೆಯಿತು. ರೇಣವ್ವ ಗಾಬರಿಯಿಂದ ಅವಳ ಕೈ ಹಿಡಿದೆಳೆದಳು. "ಮೆಲ್ಲಕ ಮಾತಾಡ, ಮಂದಿ ಕೇಳತಾರ!"

ಅನ್ನಪೂರ್ಣಾ ಕೈ ಬಿಡಿಸಿಕೊಂಡು ಎದ್ದು ನಿಂತಳು. ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಮೊದಲಿನಿಂದ ಹೇಳತೊಡಗಿದಳು.