ಹೊಳೆವ್ವನ ಕಾಯಿ

ನಿರುಪಮಾಳಿಗೆ ಮನೆಯಲ್ಲಿ ಒಂದು ಅಡ್ಡಹೆಸರಿತ್ತು: 'ಅರ್ಧಾ'. ಸಂಗೀತ ಅರ್ಧಕ್ಕೆ ಬಿಟ್ಟಳು, ಜರ್ಮನ್ ಕ್ಲಾಸು ಅರ್ಧಕ್ಕೆ ಬಿಟ್ಟಳು. ಗಂಡನಿಗೆಂದು ಹೆಣೆಯತೊಡಗಿದ ಸ್ವೆಟರಿಗೆ ಒಂದೇ ತೋಳು ಬಂತು. ಅದೀಗ ಅಡುಗೆಮನೆಯಲ್ಲಿ ಮಿಕ್ಸರ್ ಮುಚ್ಚುತ್ತದೆ. ಹೆಸರಿಟ್ಟವರು ಅದೇ ಗಂಡ, ವಕೀಲ ಶ್ರೀರಂಗರಾಯರು. ವಕೀಲರು ಮನೆಯಲ್ಲಿ ಕೊಟ್ಟ ತೀರ್ಪಿಗೆ ಅಪೀಲು ಎಲ್ಲಿಂದ ಬರಬೇಕು?

ಹೈಸ್ಕೂಲಿನ ವಿಜ್ಞಾನ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಬೆನ್ನಿಗೊಂದು ಚೀಲ ಹಾಕಿಕೊಂಡು ಧಾರವಾಡದಿಂದ ಉಳವಿ ಕ್ಷೇತ್ರಕ್ಕೆ ನಡೆದೇ ಹೋಗುತ್ತೇನೆಂದಳು. ಉಳವಿಯೇ ಯಾಕೆಂದರೆ ದಾರಿಯ ಕಾಡು ಚೆಂದ, ಮೇಲಾಗಿ ಅಷ್ಟು ದೂರ ನಡೆದೆನೆಂದರೆ ಯಾರಾದರೂ ನಾಲ್ಕು ಜನ ಹುಬ್ಬೇರಿಸುತ್ತಾರೆ. ರಾಯರು ಪೇಪರಿನಿಂದ ತಲೆ ಎತ್ತಲಿಲ್ಲ.

“ದಾರ್ಯಾಗ ಮುಗದದಾಗ ರೈಲ್ವೆ ಸ್ಟೇಷನ್ ಅದ, ನೆನಪಿಟ್ಕೋ. ವಾಪಸ್ ಬರಲಿಕ್ಕೆ ಛಲೋ ಆಗ್ತದ.”

ಮಾತು ನಾಟಿತು. ಈ ಒಂದನ್ನಾದರೂ ಮುಗಿಸಿ ಬರದಿದ್ದರೆ ಸಾಯುವತನಕ ತಾನು ಅರ್ಧಾ ಆಗಿಯೇ ಉಳಿಯುತ್ತೇನೆ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು. ಅದೇ ಸಾಲೆಯಲ್ಲಿ ಆಟದ ಟೀಚರ್ ಆಗಿದ್ದ ಗೆಳತಿ ಫರಹತಳಿಗೆ ಫೋನು ಮಾಡಿದಳು. ಫರಹತ ನಿವೃತ್ತಳಾದರೂ ಕೊರಳ ಸೀಟಿಯನ್ನು ಇನ್ನೂ ತೆಗೆದಿರಲಿಲ್ಲ. “ಯಾವಾಗ ಹೊರಡೂದು?” ಎಂದಷ್ಟೇ ಕೇಳಿದಳು.

ನಡೆಯುವುದು ಕಷ್ಟವಾಗಲಿಲ್ಲ. ನಡೆಯಲು ಬಿಡುವವರು ಸಿಗುವುದೇ ಕಷ್ಟವಾಯಿತು. ನಮ್ಮ ಕಡೆಯ ರಸ್ತೆಯಲ್ಲಿ ವಯಸ್ಸಾದ ಇಬ್ಬರು ಹೆಂಗಸರು ಹೊರೆ ಹೊತ್ತು ನಡೆದರೆ ಕಂಡವರು ಸುಮ್ಮನೆ ಹೋದಾರೆಯೆ? ಹಾಲಿನ ಗಾಡಿ ನಿಂತಿತು, ಟ್ರ್ಯಾಕ್ಟರ್ ನಿಂತಿತು, ಟಂಟಂ ನಿಂತಿತು. “ಬಸ್ ತಪ್ಪಿತೇನ್ರಿ ಅಕ್ಕಾರ? ಹತ್ರಿ, ಹತ್ರಿ!” ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಒಬ್ಬರೂ ನಂಬಲಿಲ್ಲ. ಮುಗದದ ಹತ್ತಿರ ಬೈಕು ನಿಲ್ಲಿಸಿದ ಬೀರಲಿಂಗನೆಂಬವನಂತೂ ದನಿ ತಗ್ಗಿಸಿ ಕೇಳಿಯೇ ಬಿಟ್ಟ:

“ಮನ್ಯಾಗ ಜಗಳಾ ಮಾಡ್ಕೊಂಡ ಬಂದೀರೇನ್ರಿ? ನಾ ಬಂದು ಒಂದು ಮಾತು ಹೇಳ್ಲೇನು?”

ನಿರುಪಮಾಳ ತಾಳ್ಮೆ ಮುಗಿಯಿತು. “ಹರಕಿ ಅದರೀ! ಉಳವಿಗೆ ನಡಕೋತ ಬರ್ತೇನಂತ ಬೇಡ್ಕೊಂಡೇನಿ.”

ಬೀರಲಿಂಗ ಬೈಕು ಆರಿಸಿ, ಚಪ್ಪಲಿ ಬಿಟ್ಟು, ನಡುರಸ್ತೆಯಲ್ಲೇ ಕೈ ಮುಗಿದ. ಆಮೇಲೆ ಫರಹತಳ ಕಡೆ ನೋಡಿದ.

“ಹರಕಿ ಈಕೀದು,” ಎಂದಳು ಫರಹತ, ಮುಖ ಒಂದಿಷ್ಟೂ ಅಲುಗಿಸದೆ. “ಅರ್ಧಕ್ಕ ಬಿಟ್ಟಾಳಂತ ನಾ ಕಾವಲಿಗೆ ಬಂದೇನಿ.”

ಸುಳ್ಳು ಹೇಳಿ ಪಾರಾದೆವೆಂದು ಇಬ್ಬರೂ ಹಿಗ್ಗುವಷ್ಟರಲ್ಲಿ ಬೀರಲಿಂಗ, “ಹಂಗಾರ ನಮ್ಮವ್ವಗ ಒಂದೀಟು ಭೆಟ್ಟಿ ಆಗೇ ಹೋಗಬೇಕು,” ಎಂದು ಹಟ ಹಿಡಿದ. ಮನೆ ಅಲ್ಲೇ ದಾರಿಯ ಮಗ್ಗುಲಿಗೆ. ಕಟ್ಟೆಯ ಮೇಲೆ ಎರಡೂ ಕಾಲು ಚಾಚಿ ಕುಳಿತಿದ್ದ ಮುದುಕಿ ಹೊಳೆವ್ವ ಮೊದಲು ನೋಡಿದ್ದು ನಿರುಪಮಾಳ ಮುಖವನ್ನಲ್ಲ, ಅವಳು ಆನ್‌ಲೈನ್ ತರಿಸಿದ್ದ ದಪ್ಪ ಅಟ್ಟೆಯ ಬೂಟುಗಳನ್ನು.

“ಭಾಳ ಗಟ್ಟಿ ಅದಾವ,” ಎಂದಳು.

ಚಹಾ ಬಂತು, ಅವಲಕ್ಕಿ ಬಂತು, ಅದರ ಹಿಂದೆ ಕತೆಯೂ ಬಂತು. ಎರಡು ವರ್ಷದ ಹಿಂದೆ ಬೀರಲಿಂಗ ಟ್ರ್ಯಾಕ್ಟರಿನಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಮಗ ಎದ್ದು ಓಡಾಡಿದರೆ ಉಳವಿಗೆ ನಡೆದು ಬಂದು ಕಾಯಿ ಒಡೆಸುತ್ತೇನೆಂದು ಹೊಳೆವ್ವ ಹರಕೆ ಹೊತ್ತಳು. ಮಗ ಎದ್ದ. ಅಷ್ಟರಲ್ಲಿ ಇವಳ ಮೊಣಕಾಲು ಸೋತವು.

“ಕಾರು ಮಾಡ್ತೇನಿ ನಡಿಯಬೇ ಅಂತಾನ ಇಂವ. ನಡದ ಬರ್ತೇನಂತ ಹೇಳಿ ಕಾರಿನ್ಯಾಗ ಹೋದ್ರ ದೇವರ ಮುಂದ ಯಾವ ಮಾರಿ ತೋರಸ್ಲಿ?” ಎಂದು ಅರಿಸಿನ ಹಚ್ಚಿದ, ಜುಟ್ಟು ಬಿಟ್ಟ ದೊಡ್ಡದೊಂದು ತೆಂಗಿನಕಾಯಿಯನ್ನು ನಿರುಪಮಾಳ ಉಡಿಗೆ ಹಾಕಿದಳು. “ನೀವು ಹೆಂಗೂ ನಡದ ಹೊಂಟೀರಿ. ನನ್ನ ಹೆಸರಲೆ ಒಡಸ್ರಿ ತಂಗಿ.”

ಬೇಡವೆನ್ನುವುದು ಹೇಗೆ? ಹರಕೆಯ ಸುಳ್ಳು ಹೇಳಿದವಳು ತಾನೇ.

ಮುಗದದ ಸ್ಟೇಷನ್ನು ಹಿಂದೆ ಬಿತ್ತು. ನಡಿಗೆ ತನ್ನದೇ ಒಂದು ಸಂಸಾರ ಹೂಡಿಕೊಂಡಿತು. ಸೂರ್ಯನಿಗಿಂತ ಮೊದಲು ಏಳುವುದು, ತೊಳೆದ ಬಟ್ಟೆಯನ್ನು ಬೆನ್ನಚೀಲದ ಮೇಲೆ ಹರವಿ ದಾರಿಯಲ್ಲೇ ಒಣಗಿಸುವುದು, ಗುಡಿಯ ಪೌಳಿಯೋ ಸಾಲೆಯ ಜಗಲಿಯೋ ಸಿಕ್ಕಲ್ಲಿ ಒರಗುವುದು. ಧಾರವಾಡದಲ್ಲಿ ಜೀವನಾವಶ್ಯಕ ಎನ್ನಿಸಿದ್ದೆಲ್ಲ ಹೆಗಲಿಗೆ ಭಾರವೆನ್ನಿಸಿತು. ಛತ್ರಿ ಒಬ್ಬರಿಗೆ, ಸ್ಟೀಲಿನ ಡಬ್ಬಿ ಒಬ್ಬರಿಗೆ, ಇಸ್ತ್ರಿ ಸೀರೆ ಇನ್ನೊಬ್ಬರಿಗೆ ಹೋದವು. ಎಲ್ಲಕ್ಕಿಂತ ಭಾರದ ಕಾಯಿ ಮಾತ್ರ ಉಳಿಯಿತು. ಅದಕ್ಕೆ ಹೊಳೆವ್ವನೆಂದೇ ಹೆಸರಾಯಿತು. “ಹೊಳೆವ್ವಗ ಬಿಸಲು ಬಡೀತದ, ಈ ಕಡೆ ಸರಸು,” ಎನ್ನುತ್ತಿದ್ದಳು ಫರಹತ. ಮಂಗಗಳು ಬಂದಾಗ ನಿರುಪಮಾ ಬಾಳೆಹಣ್ಣು ಬಿಟ್ಟುಕೊಟ್ಟು ಕಾಯಿಯ ಮೇಲೆ ಕುಳಿತಳು. ಅವಳಿಗೆ ಖುಷಿಯಾಗಿತ್ತು, ಇಷ್ಟು ಖುಷಿ ಯಾವ ಕ್ಲಾಸಿನಲ್ಲೂ ಆಗಿರಲಿಲ್ಲ.

ಹಳಿಯಾಳ ದಾಟಿದ ಮೇಲೆ ಆ ಗಟ್ಟಿ ಬೂಟುಗಳೇ ಕೈ ಕೊಟ್ಟವು. ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದು, ಒಡೆದು, ಹೆಜ್ಜೆ ಊರಿದರೆ ಕಣ್ಣಲ್ಲಿ ನೀರು. ಸರಿಯಾಗಿ ಅದೇ ಹೊತ್ತಿಗೆ ಶ್ರೀರಂಗರಾಯರು ಕಾರು ತಂದು ನಿಲ್ಲಿಸಿದರು. ಫೋನು ಮಾಡಿದವಳು ಫರಹತಳಲ್ಲ. ಸ್ವತಃ ನಿರುಪಮಾಳೇ ಬೆಳಿಗ್ಗೆ ಕಾಯಿಯ ಕತೆಯನ್ನೆಲ್ಲ ಹೇಳಿ, ಅತ್ತು ಕರೆದಿದ್ದಳು.

ರಾಯರು ಒಂದು ಸಲವೂ ಅರ್ಧಾ ಅನ್ನಲಿಲ್ಲ. ಸುಮ್ಮನೆ ಬಾಗಿಲು ತೆರೆದರು. ಅದು ಇನ್ನೂ ಚುಚ್ಚಿತು. ಅವಳು ಸೀಟಿನ ಅಂಚಿಗೆ ಕುಳಿತು, ಬೂಟು ಕಳಚಿ, ಚೀಲ ಇಳಿಸಿದಳು. ಒಳಗಿನಿಂದ ಕಾಯಿಯ ಜುಟ್ಟು ಇಣುಕಿತು.

“ಇದನ್ನೇನು ಮಾಡೂದ್ರೀ?”

“ಅದಕ್ಕೇನು ಕಾಲು ಅದಾವೇನು? ಕಾರಿನ್ಯಾಗ ಉಳವಿಗೆ ಹೋಗಿ ಒಡಿಸಿ, ಕತ್ತಲಾಗೂದ್ರಾಗ ಮನಿ ಸೇರೋಣು. ಆ ಮುದುಕಿಗೆ ಏನು ಗೊತ್ತಾಗ್ತದ?”

ವಾದದಲ್ಲಿ ಎಲ್ಲೂ ತೂತಿರಲಿಲ್ಲ. ಎಸಿಯ ತಂಪು ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಅವಳಿಗೆ ಹತ್ತಿಬಿಡುವ ಆಸೆ ಎಷ್ಟಿತ್ತೆಂದರೆ ನಾಚಿಕೆಯೇ ಆಯಿತು.

“ಇದು ನಂದಿದ್ರ ಬಿಟ್ಟ ಬಿಡ್ತಿದ್ದೆ ರೀ,” ಎಂದಳು. “ನನ್ನ ಚಾಳಿ ನನಗ ಗೊತ್ತಿಲ್ಲೇನು? ಆದ್ರ ಇದು ನಂದಲ್ಲ. ಚೀಲ ಒಯ್ರಿ. ಕಾಯಿ ಇಲ್ಲಿ ಕೊಡ್ರಿ.”

ರಾಯರು ಹೆಂಡತಿಯನ್ನು ನೋಡಿದರು, ಅವಳ ಹಿಮ್ಮಡಿ ನೋಡಿದರು. ಹಳಿಯಾಳಕ್ಕೆ ತಿರುಗಿ ಹೋಗಿ ಪಟ್ಟಿ, ಮುಲಾಮು, ಒಂದು ಜೋಡಿ ರಬ್ಬರ್ ಚಪ್ಪಲಿ ತಂದರು. ನಿರುಪಮಾ ಕಾಯಿಯನ್ನು ಹೆಗಲ ಮೇಲಿನ ಓಡಣಿಯಲ್ಲಿ ಸುತ್ತಿ ಸೊಂಟಕ್ಕೆ ಬಿಗಿದಳು. ಅಲ್ಲಿಂದ ಕಾಡಿನ ಏರು ಇಳಿಜಾರನ್ನೆಲ್ಲ ಕುಂಟುತ್ತ, ಬೈಯುತ್ತ, ನಡುವೆ ಅರ್ಧಕ್ಕೆ ಕಲಿತ ರಾಗಗಳನ್ನು ಅಷ್ಟಕ್ಕಷ್ಟೇ ಹಾಡುತ್ತ ಫರಹತಳ ಜೊತೆ ನಡೆದಳು. ಕಾರು ಆಮೆಯಂತೆ ಹಿಂದೆ ಹಿಂದೆಯೇ ಬಂತು.

ಉಳವಿಯಲ್ಲಿ ಪೂಜಾರಿ ಹೆಸರು ಕೇಳಿದಾಗ “ಮುಗದದ ಹೊಳೆವ್ವ” ಎಂದಳು. ಕಾಯಿ ಒಂದೇ ಏಟಿಗೆ ಒಡೆಯಿತು. ಅವಳು ಅಳುತ್ತಲೇ ಹೊರಗೆ ಬಂದಳು, ಫರಹತ ಆಟ ಮುಗಿದಾಗ ಊದುವಂತೆ ಉದ್ದಕ್ಕೆ ಸೀಟಿ ಊದಿದಳು. ದೇವರ ಪಾಲು ಕಳೆದು ಕೈಗೆ ಬಂದ ಅರ್ಧ ಕಾಯಿಯನ್ನು ನೋಡಿ ರಾಯರು ಏನೋ ಚೇಷ್ಟೆ ಮಾಡಲು ಬಾಯಿ ತೆರೆದರು. ಹೆಂಡತಿಯ ಮುಖ ಕಂಡು ತಾವಾಗಿಯೇ ಮುಚ್ಚಿಕೊಂಡರು.

ಬರುವಾಗ ಕಾರು ಮುಗದದಲ್ಲಿ ನಿಂತಿತು. ಹೊಳೆವ್ವ ಹೋಳನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗೆ ಕೊಟ್ಟಳು. ನಿರುಪಮಾಳಿಗೆ ತಡೆಯಲಾಗಲಿಲ್ಲ.

“ಯವ್ವಾ, ಒಂದು ಮಾತು ಹೇಳಬೇಕು. ನನಗ ಯಾವ ಹರಕಿನೂ ಇದ್ದಿಲ್ಲ. ಸುಳ್ಳ ಹೇಳಿದ್ದೆ.”

“ಗೊತ್ತಿತ್ತ ಬಿಡ್ರಿ,” ಎಂದು ಮುದುಕಿ ನಕ್ಕಳು. “ಹರಕಿ ಹೊತ್ತಾಕಿ ಅಂಥಾ ಬೂಟ ಹಾಕ್ಕೊಂಡ ಬರ್ತಾಳೇನ್ರಿ? ಹರಕಿ ನನ್ನ ಕಡೆ ಇತ್ತು, ಕಾಲು ನಿಮ್ಮ ಕಡೆ ಇದ್ದುವು. ಅದಕ್ಕ ಕೊಟ್ಟೆ.”

ಒಳಗಿನಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತರಿಸಿದಳು. ಬಗ್ಗಿ ನಿರುಪಮಾಳ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ವಯಸ್ಸಿನಲ್ಲಿ ದೊಡ್ಡವಳು ಕಾಲು ಮುಟ್ಟುವುದೆಂದರೇನು! ನಿರುಪಮಾ ಗಾಬರಿಯಾಗಿ ಹಿಂದೆ ಜಗ್ಗಿದಳು.

ಹೊಳೆವ್ವ ಬಿಡಲಿಲ್ಲ.

“ಸುಮ್ನ ಕುಂಡ್ರು ತಂಗಿ,” ಎಂದಳು. “ನನ್ನ ಕಾಲಿಗೆ ನಾ ಎಣ್ಣಿ ಹಚ್ಚಾಕತ್ತೇನಿ.”